ನೆತ್ತಿಯೊಳಗಿನ ಚಿತ್ರ

"ಮಂಚದಿಂದ ಬಿದ್ಲು ಸರ್, ತಲೆ ಸ್ಕ್ಯಾನ್ ಮಾಡಿ" ಎಂದು ಆ ತಾಯಿ ಬೆಳಗಿನಿಂದ ಒಂದೇ ಹಟ ಹಿಡಿದಿದ್ದಳು. ಡಾಕ್ಟರಿಗೆ ಅದು ಸರಿ ಕಾಣಲಿಲ್ಲ. ಎರಡು ತಿಂಗಳ ಕೂಸು ತಾನಾಗಿ ಹೊರಳಿ ಬೀಳುವುದುಂಟೇ? ಮೈಮೇಲೆ ಒಂದು ತರಚು ಗಾಯವೂ ಇಲ್ಲ. ಇಂಥ ಸುಳ್ಳಿನ ಹಿಂದೆ ಕೈ ಮಾಡುವ ಗಂಡನೊಬ್ಬ ಇರುತ್ತಾನೆಂಬುದು ಅವರ ಅನುಭವ.

ಸ್ಕ್ಯಾನಿನ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಲೇ ಅವರು ಕೇಳಿದರು. "ಸಿಟ್ಟಲ್ಲಿ ಮಗುನ ಹಿಡಿದು ಜೋರಾಗಿ ಅಲ್ಲಾಡಿಸಿದ್ರೆ ತಲೆಯೊಳಗೆ ರಕ್ತ ಸೋರುತ್ತೆ. ಅದು ಇದರಲ್ಲಿ ಕಾಣುತ್ತೆ. ಹೆದರ್ಬೇಡಮ್ಮ, ಮನೇಲಿ ಯಾರ್ಯಾರಿದ್ದೀರಿ?"

"ನಮ್ಮನೆಯವರು ಲಾರಿ ಹತ್ತಿದ್ರೆ ಬರೋದು ತಿಂಗಳಿಗೆ. ಬಾಣಂತನ ಮಾಡೋಕೂ ಯಾರೂ ಇರ್ಲಿಲ್ಲ. ಇವಳ ಅಳು ಬಿಟ್ರೆ ಮನೇಲಿ ಇನ್ನೊಂದು ದನಿ ಇಲ್ಲ ಸರ್."

ಹೊಡೆಯುವ ಗಂಡ ಊರಲ್ಲೇ ಇಲ್ಲ. ಕೊನೆಯ ಚಿತ್ರದಲ್ಲೂ ರಕ್ತದ ಗುರುತಿಲ್ಲ. ತಮ್ಮ ಅನುಮಾನವೇ ತಪ್ಪೆಂದು ತಿಳಿದು ಡಾಕ್ಟರ ಮನಸ್ಸು ಹಗುರಾಯಿತು.

"ಏನೂ ಆಗಿಲ್ಲಮ್ಮ, ತಲೆ ಚೆನ್ನಾಗಿದೆ. ನಿಶ್ಚಿಂತೆಯಾಗಿ ಮನೆಗೆ ಕರ್ಕೊಂಡು ಹೋಗಿ."

ಅವಳು ಏಳಲಿಲ್ಲ. "ಚೂರೂ ಕಾಣಲ್ವಾ ಸರ್?"

"ಚೂರೂ ಇಲ್ಲ."

ಅವಳು ಕೂಸಿನ ಕುತ್ತಿಗೆಗೆ ಜೋಪಾನವಾಗಿ ಕೈಕೊಟ್ಟು ಎತ್ತಿ, ಮೇಜಿನಾಚೆ ಕುಳಿತ ಡಾಕ್ಟರ ಮಡಿಲಿಗೆ ಚಾಚಿದಳು.

"ಅಲ್ಲಾಡಿಸ್ತಿದ್ದ ನನ್ನ ಕೈ ಇವತ್ತು ಅರ್ಧಕ್ಕೇ ನಿಲ್ತು. ನಾಳೆ ನಿಲ್ಲುತ್ತೋ ಇಲ್ವೋ. ಇವಳನ್ನ ಇಲ್ಲೇ ಇಟ್ಕೊಳ್ಳಿ ಸರ್."