ನೂರಾ ಎರಡು ಡಿಗ್ರಿ

ಯುದ್ಧ ಇನ್ನೂ ನಡೆದಿತ್ತು. ಮಿಲಿಟರಿ ಆಸ್ಪತ್ರೆಯಲ್ಲಿ ಮಲಗಿದ್ದ ಮಗನ ತೊಡೆಯ ಗುಂಡಿನ ಗಾಯ ಮಾಯ್ದಿತ್ತು. ಆದರೂ ನರ್ಸು ದಿನಾಲೂ ಅವನ ಚಾರ್ಟಿನಲ್ಲಿ ನೂರಾ ಎರಡು ಡಿಗ್ರಿ ಜ್ವರವೆಂದು ಬರೆಯುತ್ತಿದ್ದಳು. ಅವನನ್ನು ಊರಿಗೆ ಕರೆದೊಯ್ಯಲು ಬಂದಿದ್ದ ತಾಯಿ ಹನ್ನೆರಡು ದಿನ ತಾಳಿಕೊಂಡಳು.

“ಜ್ವರ ಎಲ್ಲೈತಿ ನರ್ಸಬಾಯಿ? ಆರು ಮಕ್ಕಳನ್ನ ಸಾಕಿದ ಕೈ ಇದು. ಹಣಿ ಮುಟ್ಟಿದರ ತಿಳೀತೈತಿ.”

“ಇನ್ನೊಂದು ವಾರ ಇರಲಿ ಬಿಡ್ರಿ ಅವ್ವಾ,” ನರ್ಸು ದನಿ ತಗ್ಗಿಸಿದಳು.

“ನೀ ಹಡದಿದ್ರ ಗೊತ್ತಾಗತಿತ್ತು. ತಾಯಿ ಸಂಕಟ ಬಂಜಿಗೇನು ತಿಳದೀತು!”

ನರ್ಸು ಚಾರ್ಟಿನಲ್ಲಿ ಮತ್ತೆ ನೂರಾ ಎರಡು ಎಂದು ಬರೆದಳು.

ಅಷ್ಟರಲ್ಲಿ ದೊಡ್ಡ ಡಾಕ್ಟರು ವಾರ್ಡಿಗೆ ಬಂದರು. ತಾಯಿ ಎದ್ದು ಅವರಿಗೆ ಅಡ್ಡ ನಿಂತಳು. ಮಗ ಸೆರಗು ಜಗ್ಗಿ, “ಸುಮ್ನಿರಬೇ ಯವ್ವಾ,” ಅಂದ. ಅವಳು ಸೆರಗು ಕಿತ್ತುಕೊಂಡಳು.

“ಸಾಹೇಬ್ರ, ಈಕಿ ಬರೇ ಸುಳ್ಳು ಬರೀತಾಳ್ರಿ. ಜ್ವರದ ಕಡ್ಡಿ ಬಿಸಿ ಚಾದಾಗ ಅದ್ದೋದು ನಾ ಕಣ್ಣಾರೆ ಕಂಡೀನಿ. ನನ್ನ ಮಗ ಕಲ್ಲಿನಂಗ ಗಟ್ಟಿ ಅದಾನ, ಬೇಕಾರ ನೀವ ಮುಟ್ಟಿ ನೋಡ್ರಿ.”

ಡಾಕ್ಟರು ಹುಡುಗನ ಹಣೆ ಮುಟ್ಟಿದರು, ನಾಲ್ಕು ಹೆಜ್ಜೆ ನಡೆಸಿ ನೋಡಿದರು. ಆಮೇಲೆ ನರ್ಸಿನ ಕೈಯಿಂದ ಚಾರ್ಟು ಕಿತ್ತುಕೊಂಡು ಅವಳನ್ನು ಹೊರಗೆ ಕಳಿಸಿದರು.

“ಈಗ ಸೈ ಆತು!” ತಾಯಿ ಮಗನ ಬಟ್ಟೆ ಗಂಟು ಕಟ್ಟತೊಡಗಿದಳು. “ಯಾವಾಗ ಬಿಡ್ತೀರಿ ಸಾಹೇಬ್ರ?”

“ಇವತ್ತೇ ಅಮ್ಮಾ,” ಡಾಕ್ಟರು ಸಹಿ ಹಾಕಿದರು. “ಸಂಜೆ ರೈಲಿಗೆ ಗಡಿಗೆ ಹೊರಟಿರೋ ತುಕಡಿಯಲ್ಲಿ ಒಬ್ಬ ಕಮ್ಮಿ ಇದ್ದ.”