ಗೇಟಿನ ಹೊರಗೆ ಹೇಳಿದ್ದು

ಆ ಆಸ್ಪತ್ರೆಯ ನರ್ಸುಗಳು ಡ್ಯೂಟಿ ಮುಗಿಸಿ ಗೇಟು ದಾಟುವಾಗ, ಅವತ್ತು ಕಂಡ ರೋಗಿಗಳ ವಿಷಯವೆಲ್ಲ ತಲೆಯಿಂದ ಅಳಿಸಿಹೋಗುತ್ತಿತ್ತು. ರೋಗಿಯ ಗುಟ್ಟು ರೋಗಿಯದೇ ಎಂಬುದು ಕಾನೂನು; ಗೇಟಿನ ಹೊರಗೆ ಕೇಳಿದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತಿತ್ತು. ವಿಮಲಾಕ್ಷಿಯ ತಂಗಿ ಪದ್ಮಜ ಅಲ್ಲಿ ನರ್ಸು. ಮೂರು ವಾರದಿಂದ ಅವಳೇ ಅಕ್ಕನಿಗೆ ಡ್ರಿಪ್ ಹಾಕುತ್ತಿದ್ದಳು. ಫೈಲಿನಲ್ಲಿ ಕ್ಯಾನ್ಸರ್ ಎಂದು ಓದಿ ಪ್ರತಿ ಸಲವೂ ಹೊಸದಾಗಿ ಅತ್ತು, ಸಂಜೆ ಏನೂ ಗೊತ್ತಿಲ್ಲದೆ ಮನೆಗೆ ಹೋಗುತ್ತಿದ್ದಳು. ವಿಮಲಾಕ್ಷಿಗೆ ಅದೇ ಹಿತವೆನಿಸಿತ್ತು. ಯಾರ ಮರುಕವೂ ಅವಳಿಗೆ ಬೇಕಿರಲಿಲ್ಲ.

ಇವತ್ತು ಪದ್ಮಜ ಸೂಜಿ ಚುಚ್ಚುತ್ತಾ ಬೇಡಿಕೊಂಡಳು. "ಅಕ್ಕಾ, ನಾನು ಹೊರಗೆ ಬಂದ್ಮೇಲೆ ನೀನೇ ನಂಗೆ ಹೇಳು. ಇದನ್ನ ಮರೆತು ನಗ್ತಾ ಓಡಾಡೋಕೆ ನಂಗಿಷ್ಟ ಇಲ್ಲ."

ವಿಮಲಾಕ್ಷಿ ಹೂಂ ಎಂದಳು.

ಸಂಜೆ ಅವಳು ಬಸ್ ಸ್ಟಾಪಿನಲ್ಲಿ ಕಾದು ಕುಳಿತಳು. ಗೇಟು ದಾಟಿ ಬಂದ ಪದ್ಮಜ ಅವಳನ್ನು ಕಂಡು ಅರಳಿದಳು.

"ಅಯ್ಯೋ, ಏನಕ್ಕಾ ಈ ಕಡೆ? ನಿನ್ನ ನೋಡಿ ಎಷ್ಟು ದಿನ ಆಯ್ತು!"

"ನಂಗೆ ಕ್ಯಾನ್ಸರ್ ಕಣೇ," ಎಂದಳು ವಿಮಲಾಕ್ಷಿ, ಬಸ್ಸಿನ ನಂಬರು ಓದಿ ಹೇಳುವಂತೆ.

ಪದ್ಮಜ ಅಲ್ಲೇ ಅವಳ ಪಕ್ಕ ಕುಳಿತು ಅತ್ತಳು. ವಿಮಲಾಕ್ಷಿ ಅವಳ ಬೆನ್ನು ಸವರಿದಳು. ತನಗೆ ಮಾತ್ರ ಅಳು ಬರಲಿಲ್ಲ.

ಮುಂದಿನ ವಾರದ ಡ್ರಿಪ್ಪಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದರು.