ನೀಲಿ ಕಾಗದ

“ನೀಲಿ ಲಿಟ್ಮಸ್ ಕೆಂಪು ಬಣ್ಣಕ್ಕೆ ತಿರುಗಿತು ಮೇಡಂ!”

ನಲವತ್ತೆರಡು ಮಕ್ಕಳು ಒಂದೇ ಉಸಿರಿನಲ್ಲಿ ಹೇಳಿದರು. ಶಿವರಂಜಿನಿ ತನ್ನ ಕೈಯಲ್ಲಿದ್ದ ಕಾಗದದ ಚೂರನ್ನು ನೋಡಿದಳು. ಅದು ನೀಲಿಯಾಗಿಯೇ ಇತ್ತು. ಇರದೆ ಇನ್ನೇನು, ಕೆಂಪಾಗಲು ಆಸಿಡ್ ಬೇಕು, ಅವಳು ಅದನ್ನು ಅದ್ದಿದ್ದು ನೀರಿಗೆ. ಬಿಸಿಯೂಟದ ಕೋಣೆಯಿಂದ ತರಿಸಿದ ಸ್ಟೀಲ್ ಲೋಟಕ್ಕೆ, ತಾನು ಕುಡಿಯಲು ತಂದ ಬಾಟಲಿಯಿಂದ, ಮಕ್ಕಳ ಕಣ್ಣೆದುರೇ ಬಗ್ಗಿಸಿದ ನೀರು. ಮೊದಲು ನೀರು, ಆಮೇಲೆ ಆಸಿಡ್. ವ್ಯತ್ಯಾಸವನ್ನು ಮಕ್ಕಳೇ ಕಂಡುಕೊಳ್ಳಲಿ ಎಂಬುದು ಅವಳ ಲೆಕ್ಕಾಚಾರ. ಆಸಿಡ್ ಬಾಟಲಿಯ ಸೀಲನ್ನು ಅವಳು ಇನ್ನೂ ಒಡೆದಿರಲಿಲ್ಲ.

ಚಾಮರಾಜನಗರದ ಹತ್ತಿರದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಶಿವರಂಜಿನಿ ಸುರಕ್ಷತಾ ಅಧಿಕಾರಿ. ಹಳ್ಳಿಯ ಮಕ್ಕಳು ಶಾಲೆಯಲ್ಲೇ ಕೈಯಾರೆ ಪ್ರಯೋಗ ಮಾಡಬೇಕು, ಅದಕ್ಕೆ ಕಾರ್ಖಾನೆಯವರೇ ಮುಂದೆ ಬರಬೇಕು ಎಂದು ಒಂದು ವರ್ಷದಿಂದ ಮಾಲೀಕರ ತಲೆ ತಿಂದಿದ್ದಳು. ಹಾಗೆ ತಿನ್ನಲು ಕಾರಣನಾದವನು ಈಗ ಕಿಟಕಿಯ ಪಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ. ಹೆಸರು ಪುಟ್ಟಮಾದು. ಇದೇ ಊರಿನವನು, ಇದೇ ಶಾಲೆಯಲ್ಲಿ ಓದಿ ಪ್ರಯೋಗಕ್ಕೆ ಪೂರ್ತಿ ಅಂಕ ತೆಗೆದವನು. ಆಸಿಡ್ಡಿಗೆ ನೀರು ಸುರಿಯಬಾರದು ಎಂದು ರೆಕಾರ್ಡ್ ಪುಸ್ತಕದಲ್ಲಿ ದುಂಡಗೆ ಬರೆದಿದ್ದ. ಕಾರ್ಖಾನೆ ಸೇರಿದ ನಾಲ್ಕನೇ ತಿಂಗಳು ಆಸಿಡ್ಡಿಗೆ ತಾನೇ ನೀರು ಸುರಿದ. ಅದು ಮುಖಕ್ಕೆ ಸಿಡಿದು ಎರಡೂ ಕಣ್ಣು ಹೋದವು.

ತಂಗಿಗೆ ಹದಿನೆಂಟು ತುಂಬುತ್ತಲೇ ಅವನ ಜಾಗಕ್ಕೆ ಅವಳನ್ನು ತೆಗೆದುಕೊಳ್ಳುತ್ತೇವೆ ಎಂದು ಕಾರ್ಖಾನೆಯವರು ಮಾತು ಕೊಟ್ಟಿದ್ದರು. ಆ ತಂಗಿ ಭಾನು, ಮೊದಲ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದಳು. “ಅವ್ಳಿಗಾದ್ರೂವೆ ಮುಟ್ಟಿ ನೋಡದ ಕಲ್ಸಿ ಮೇಡಂ,” ಎಂದು ಪುಟ್ಟಮಾದು ಬೆಳಿಗ್ಗೆ ಅವಳ ಜೊತೆ ಕಾರ್ಖಾನೆಯ ಜೀಪಿನಲ್ಲಿ ಬರುವಾಗ, ಗುಂಡ್ಲುಪೇಟೆ ದಾಟಿದ ಮೇಲೆ ಮೂರು ಸಲ ಹೇಳಿದ್ದ. ಅವನಿಗೆ ಉಳಿದಿದ್ದ ಆಸೆ ಅದೊಂದೇ.

“ಆತುರ ಬೇಡ. ಹತ್ತಿರದಿಂದ ನೋಡಿ ಹೇಳು,” ಎಂದು ಶಿವರಂಜಿನಿ ಕಾಗದವನ್ನು ಭಾನುವಿನ ಮುಂದೆ ಹಿಡಿದಳು. ಹುಡುಗಿ ಬಗ್ಗಿ, ರೆಪ್ಪೆ ಮಿಟುಕಿಸದೆ, ತುಂಬ ಹೊತ್ತು ನೋಡಿದಳು. ಕಟ್ಟಿದ ಕೈ ಬಿಚ್ಚಲಿಲ್ಲ.

“ಕೆಂಪು ಮೇಡಂ.”

ತಮಾಷೆ ಮಾಡುತ್ತಿದ್ದಾಳೇನೋ ಎಂದು ಅವಳ ಮುಖ ನೋಡಿದರೆ, ಅಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಶಿವರಂಜಿನಿ ಕಾಗದವನ್ನು ವಿಜ್ಞಾನದ ಮೇಷ್ಟ್ರು ಗುರುಸ್ವಾಮಿಯ ಕೈಗೆ ಕೊಟ್ಟಳು. ಅವರು ಒಳ್ಳೆಯ ಮನುಷ್ಯರು. ಪ್ರಯೋಗದ ಒಂದು ಗಾಜಿನ ಸಾಮಾನೂ ತಮ್ಮ ಕಾಲದಲ್ಲಿ ಒಡೆದಿಲ್ಲ ಎಂದು ಬೆಳಿಗ್ಗೆ ಬೀರುವಿನ ಬೀಗ ತೆಗೆಯುವಾಗ ಹೆಮ್ಮೆಯಿಂದ ಹೇಳಿದ್ದರು. ಬೀಗ ತುಕ್ಕು ಹಿಡಿದು, ಎಣ್ಣೆ ಬಿಟ್ಟ ಮೇಲೆ ಬಂದಿತ್ತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದರು.

“ಕೆಂಪೇ ಅಲ್ವಾ ಮೇಡಂ?” ಎಂದು ನಕ್ಕರು. “ಇಪ್ಪತ್ತೆರಡು ವರ್ಷದಿಂದ ಕೆಂಪೇ ಆಗ್ತಿರೋದು.”

ಶಿವರಂಜಿನಿ ಕಾಗದ ವಾಪಸು ಇಸಿದುಕೊಂಡು ಇನ್ನೊಂದು ಸಲ ನೋಡಿದಳು. ನೀಲಿ. ನೀಲಿಯೇ ತಾನೆ? ಒಂದು ಕ್ಷಣ ತನ್ನ ಮೇಲೆಯೇ ಅನುಮಾನ ಬಂತು. ಹೆದರಿಕೆಯೋ, ಸಿಟ್ಟೋ, ಲೋಟವನ್ನು ಎತ್ತಿ ಹಿಡಿದು ಗಟ್ಟಿಯಾಗಿ ಕೇಳಿದಳು.

“ಹಾಗಾದರೆ ಇದರೊಳಗೆ ಏನಿದೆ?”

“ಆಸಿಡ್ ಮೇಡಂ!”

“ಸರಿಯಾಗಿ ನೋಡ್ಕೊಳ್ಳಿ,” ಎಂದು ಲೋಟವನ್ನು ತುಟಿಗಿಟ್ಟು ಅಷ್ಟೂ ನೀರನ್ನು ಗಟಗಟನೆ ಕುಡಿದುಬಿಟ್ಟಳು.

ಯಾರಾದರೂ ಕಿರುಚುತ್ತಾರೆ, ಇಲ್ಲವೇ ಒಬ್ಬರಾದರೂ ಕಿಸಕ್ಕನೆ ನಗುತ್ತಾರೆ ಎಂದುಕೊಂಡಿದ್ದಳು. ಏನೂ ಆಗಲಿಲ್ಲ. ನಲವತ್ತೆರಡು ಜೊತೆ ಕೈಗಳು ಕಟ್ಟಿದ ಹಾಗೇ ಇದ್ದವು. ಮುಂದಿನ ಪ್ರಶ್ನೆಗಾಗಿ ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಮೇಷ್ಟ್ರು ಡಸ್ಟರಿನಿಂದ ಮೇಜು ಒರೆಸುತ್ತಿದ್ದರು.

ಕಿಟಕಿಯ ಪಕ್ಕದಿಂದ ಪುಟ್ಟಮಾದು ಎದ್ದ. ಬೆಂಚುಗಳನ್ನು ತಡವಿಕೊಂಡು ಮೊದಲ ಸಾಲಿಗೆ ಬಂದ.

“ಭಾನು, ಮೇಡಮ್ಮು ಏನ ಕುಡುದ್ರು?”

“ಆಸಿಡ್ ಕಣಣ್ಣ.”

“ಆಸಿಡ್ ಕುಡುದ್ರೆ ಏನಾಯ್ತದೆ ಅಂತ ಗೊತ್ತಾ ನಿಂಗೆ?”

“ಗೊತ್ತು. ಬಾಯಿ, ಗಂಟಲು, ಅನ್ನನಾಳ ಸುಟ್ಟು ಹೋಗುತ್ತವೆ. ಎರಡು ಮಾರ್ಕಿನ ಪ್ರಶ್ನೆ.”

“ಮತ್ತೆ, ಕುಡೀಬ್ಯಾಡಿ ಅಂತ ಒಂದ್ ಮಾತು ಅನ್ನಕಾಗ್ನಿಲ್ವಾ ಕಣಮ್ಮಿ?”

ಭಾನು ಯೋಚಿಸಿದಳು. ಉತ್ತರ ಹುಡುಕುವವಳ ಹಾಗೆ ಅವಳ ತುಟಿಗಳು ಒಂದಿಷ್ಟು ಹೊತ್ತು ಸದ್ದಿಲ್ಲದೆ ಆಡಿದವು.

“ಅದು ಪುಸ್ತಕದಲ್ಲಿ ಇಲ್ಲ ಕಣಣ್ಣ.”

ಪುಟ್ಟಮಾದುವಿನ ಕೈ ಮುಂದೆ ಬಂತು. ತಂಗಿಯ ಹಣೆ ಸಿಕ್ಕಿತು, ಹುಬ್ಬು ಸಿಕ್ಕಿತು. ಅವನ ಬೆರಳು ಮೆಲ್ಲಗೆ ಕೆಳಗಿಳಿದು ಅವಳ ಕಣ್ಣುಗಳನ್ನು ಮುಟ್ಟಿತು. ಎರಡೂ ತೆರೆದೇ ಇದ್ದವು.